ನಗುವ ಜಾಗವನ್ನು ಕತ್ತರಿಸಬೇಡಿ

ಮಾನ್ಯ ಸಂಪಾದಕರೇ,

ರಾತ್ರಿ ಊಟ ಮುಗಿಸಿ, ಮೊಬೈಲ್ ಹಿಡಿದು, ನರಸಿಂಹರಾಜು ಅವರದೋ ಬಾಲಕೃಷ್ಣ ಅವರದೋ ಎರಡು ನಿಮಿಷದ ಹಳೆಯ ದೃಶ್ಯ ನೋಡಿ ನಗುವವರನ್ನು ಕಂಡರೆ ‘ಮಾಡೋಕೆ ಬೇರೆ ಕೆಲಸ ಇಲ್ವಾ’ ಎನ್ನುವವರು ಬಹಳ ಮಂದಿ. ಆ ಮಾತನ್ನು ನಾವು ಒಪ್ಪುವುದಿಲ್ಲ. ದಿನವೆಲ್ಲ ದುಡಿದವರಿಗೆ ಎರಡು ನಿಮಿಷದ ನಗು ಸಿಗುವುದಾದರೆ ಸಿಗಲಿ. ಹಳೆಯ ನಟರನ್ನು ಮನೆಯ ಮಕ್ಕಳಿಗೆ ಪರಿಚಯಿಸುತ್ತಿರುವುದೂ ಇವತ್ತು ಇದೇ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ವಾಟ್ಸ್‌ಆ್ಯಪ್. ನಮ್ಮ ತಕರಾರು ಬೇರೆ. ಆ ದೃಶ್ಯ ಮೊಬೈಲಿಗೆ ಬಂದು ಮುಟ್ಟುವ ಹೊತ್ತಿಗೆ ಅದರೊಳಗಿನ ನಗು ಅರ್ಧಕ್ಕರ್ಧ ಸೋರಿಹೋಗಿರುತ್ತದೆ. ನೋಡಿದ ಹುಡುಗರು ‘ಇದರಲ್ಲಿ ನಗೋಕೆ ಏನಿದೆ?’ ಎಂದು ಬೆರಳು ಸರಿಸಿ ಮುಂದಕ್ಕೆ ಹೋಗುತ್ತಾರೆ. ತಪ್ಪು ನಟರದಲ್ಲ, ಹುಡುಗರದೂ ಅಲ್ಲ. ಆ ತುಣುಕನ್ನು ಕತ್ತರಿಸಿದ ಕೈಯದು. ಅದು ಎಲ್ಲೆಲ್ಲಿ ಎಡವುತ್ತದೆ, ಸರಿಪಡಿಸುವುದು ಹೇಗೆ ಎಂಬುದನ್ನು ತಿಳಿಸಲು ಈ ಪತ್ರ. ಸ್ವಲ್ಪ ದೀರ್ಘವಾಗಿದೆ, ಮನ್ನಿಸಬೇಕು.

ಮೊದಲನೆಯದು ಮೌನ. ನರಸಿಂಹರಾಜು ಅವರಂಥವರು ಕಂಪನಿ ನಾಟಕದಲ್ಲಿ ಪಳಗಿ 1954ರ ‘ಬೇಡರ ಕಣ್ಣಪ್ಪ’ದ ಮೂಲಕ ಸಿನಿಮಾಕ್ಕೆ ಬಂದವರು. ನಾಟಕದ ಹಾಸ್ಯನಟ ಒಂದು ಮಾತು ಬಿಟ್ಟ ಮೇಲೆ ಸಭೆ ನಗುವವರೆಗೆ ಕಾಯುತ್ತಾನೆ. ನಗು ಏರಿ, ಇಳಿಯತೊಡಗಿದಾಗ ಮುಂದಿನ ಮಾತು ಎತ್ತುತ್ತಾನೆ. ಸಿನಿಮಾಕ್ಕೆ ಬಂದ ಮೇಲೂ ಆ ಲೆಕ್ಕ ಅವರ ಮೈಯಲ್ಲೇ ಇತ್ತು. ಉದಾಹರಣೆಗೆ ಒಂದು ಮಾತು ಕಟ್ಟಿಕೊಳ್ಳೋಣ. ಹೆಣ್ಣಿನ ತಂದೆ ಕೇಳುತ್ತಾರೆ: ‘ಹುಡುಗ ಏನ್ ಕೆಲಸ ಮಾಡ್ತಾನೆ?’ ದಲ್ಲಾಳಿ ಹೇಳುತ್ತಾನೆ: ‘ದೊಡ್ಡ ಕೆಲಸ ಸ್ವಾಮಿ...’ ಸ್ವಲ್ಪ ತಡೆದು, ‘ಹುಡುಕ್ತಾ ಇದ್ದಾನೆ’. ನಡುವಿನ ಆ ತಡೆ ಒಂದೂವರೆ ಸೆಕೆಂಡ್ ಇದೆ ಎಂದುಕೊಳ್ಳಿ. ಸಿನಿಮಾ ಸೆಕೆಂಡಿಗೆ 24 ಫ್ರೇಮಿನಂತೆ, ಅಂದರೆ 24 ಬಿಡಿ ಚಿತ್ರದಂತೆ, ಓಡುವುದರಿಂದ ಅದು 36 ಫ್ರೇಮ್. ಆ 36 ಫ್ರೇಮುಗಳಲ್ಲಿ ಹೆಣ್ಣಿನ ತಂದೆಯ ಮುಖ ಅರಳುತ್ತದೆ, ದಲ್ಲಾಳಿ ಎಂಜಲು ನುಂಗುತ್ತಾನೆ. ಅದಿಷ್ಟನ್ನು ತೆಗೆದುಬಿಟ್ಟರೆ ಉಳಿಯುವುದು ‘ದೊಡ್ಡ ಕೆಲಸ ಸ್ವಾಮಿ ಹುಡುಕ್ತಾ ಇದ್ದಾನೆ’ ಎಂಬ ಒಂದು ಸಾದಾ ವಾಕ್ಯ. ಅದಕ್ಕೆ ಯಾರೂ ನಗುವುದಿಲ್ಲ.

ಈಗಿನ ಎಷ್ಟೋ ಎಡಿಟಿಂಗ್ ಆ್ಯಪ್‌ಗಳಲ್ಲಿ ಮೌನವನ್ನು ತಾನಾಗಿಯೇ ಕತ್ತರಿಸುವ ಸೌಲಭ್ಯ ಇದೆ. ಕ್ಯಾಮೆರಾ ಮುಂದೆ ಕೂತು ಪಾಠ ಹೇಳುವವರಿಗೆ ಅದು ಅನುಕೂಲ, ಹಾಸ್ಯದೃಶ್ಯಕ್ಕೆ ವಿಷ. ಅದನ್ನು ಮುಟ್ಟಲೇಬಾರದು. ತುಣುಕಿನ ಎರಡು ತುದಿಗೂ ಇದೇ ಮಾತು. ಪಂಚ್ ಮಾತು ಮುಗಿದ ಕ್ಷಣವೇ ಕತ್ತರಿ ಹಾಕುವುದು ಸಾಮಾನ್ಯ ತಪ್ಪು. ನಗು ಇರುವುದು ಮಾತು ಕೇಳಿಸಿಕೊಂಡವನ ಮುಖದಲ್ಲಿ, ಆದ್ದರಿಂದ ಆ ಮುಖದ ಶಾಟ್ ಪೂರ್ತಿ ಮುಗಿಯುವವರೆಗೆ ಬಿಡಿ. ಸಾಮಾನ್ಯವಾಗಿ ಎರಡರಿಂದ ಮೂರು ಸೆಕೆಂಡ್ ಸಾಕು. ಆರಂಭದಲ್ಲಿ ಯಾರು ಯಾರ ಮನೆಗೆ ಯಾಕೆ ಬಂದಿದ್ದಾರೆ ಎಂದು ತಿಳಿಯುವಷ್ಟು ಪೀಠಿಕೆ ಇರಲಿ. ಅದಕ್ಕೆ ಹತ್ತು ಹದಿನೈದು ಸೆಕೆಂಡ್ ಹೋದರೂ ನಷ್ಟವಿಲ್ಲ. ಶಾರ್ಟ್ಸ್, ರೀಲ್ಸ್ ಎರಡರಲ್ಲೂ ಈಗ ಮೂರು ನಿಮಿಷದವರೆಗೆ ಜಾಗ ಕೊಟ್ಟಿದ್ದಾರೆ, ಮೊದಲಿನ ಹಾಗೆ ಒಂದು ನಿಮಿಷಕ್ಕೆ ತುರುಕುವ ಕಷ್ಟ ಈಗಿಲ್ಲ. ಕತ್ತರಿಯನ್ನು ಶಾಟ್ ಬದಲಾಗುವ ಫ್ರೇಮಿನಲ್ಲೇ ಹಾಕಿ. ಶಾಟ್‌ನ ನಡುವೆ ಹಾಕಿದರೆ ಕೈ ಅರ್ಧ ಎತ್ತಿದ ಮನುಷ್ಯ ಹಠಾತ್ತನೆ ಮಾಯವಾಗುತ್ತಾನೆ, ನೋಡುವವರ ಕಣ್ಣು ಅಲ್ಲೇ ತೊಡರುತ್ತದೆ. ಇನ್ನು ಮೇಲಿಂದ ಸೇರಿಸುವ ‘ಹಹ್ಹಹ್ಹ’ ಸದ್ದು, ‘ಟೊಂಯ್’ ಎಂಬ ಸದ್ದು, ಕಣ್ಣೀರು ಸುರಿಸಿ ನಗುವ ಇಮೋಜಿ: ಇವೆಲ್ಲ ನಟ ಬಿಟ್ಟುಕೊಟ್ಟ ಜಾಗಕ್ಕೆ ಕಸ ತುಂಬಿದ ಹಾಗೆ. ದಯವಿಟ್ಟು ಬೇಡ.

ಎರಡನೆಯದು ಚೌಕಟ್ಟು. ಹಳೆಯ ಕಪ್ಪು-ಬಿಳುಪು ಚಿತ್ರಗಳ ಚೌಕಟ್ಟಿನ ಎತ್ತರ 1 ಇದ್ದರೆ ಅಗಲ 1.37. ಮೊಬೈಲಿನದು ನೆಟ್ಟಗೆ ನಿಂತ ಚೌಕಟ್ಟು, 9:16. ಪರದೆ ತುಂಬಲಿ ಎಂದು ಹಿಗ್ಗಿಸಿದರೆ ಮೂಲ ಚಿತ್ರದ ಅಗಲದಲ್ಲಿ ಉಳಿಯುವುದು ಶೇ 41 ಮಾತ್ರ. ಬಲು ಅಗಲದ ಸಿನಿಮಾಸ್ಕೋಪ್ ಚಿತ್ರವಾದರೆ ಶೇ 24. ಇಬ್ಬರು ಮಾತಾಡುವ ದೃಶ್ಯದಲ್ಲಿ ಒಬ್ಬರು ಹೊರಗೆ ಬೀಳುತ್ತಾರೆ, ಅಥವಾ ಇಬ್ಬರ ಅರ್ಧರ್ಧ ಮೂಗು ಕಾಣುತ್ತದೆ.

ಬಾಲಕೃಷ್ಣ ಅವರ ದೃಶ್ಯಗಳಲ್ಲಿ ಈ ನಷ್ಟ ಬಹಳ ದೊಡ್ಡದು. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಎದುರಿನವರ ತುಟಿಯ ಚಲನೆ ನೋಡಿಯೇ ತಮ್ಮ ಮಾತಿನ ಸರದಿ ಹಿಡಿಯುತ್ತಿದ್ದರು. ಅವರು ಮಾತಾಡದ ಹೊತ್ತಿನಲ್ಲಿ ಅವರ ಕಣ್ಣನ್ನೇ ನೋಡಿ. ಎದುರಿನ ಮುಖಕ್ಕೆ ನೆಟ್ಟ ನೋಟ, ಅಲ್ಲೇ ಕುಣಿಯುವ ಹುಬ್ಬು, ಎದುರಿನವರ ಬಾಯಿ ಮುಚ್ಚಿದೊಡನೆ ಚಿಮ್ಮುವ ಉತ್ತರ. ಇದು ಕಾಣಬೇಕಾದರೆ ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಇರಲೇಬೇಕು. ‘ಗಣೇಶನ ಮದುವೆ’ (1990) ಥರದ ವಠಾರದ ಚಿತ್ರಗಳಿಗೂ ಹೀಗೆಯೇ. ಎದುರೆದುರು ಕಚ್ಚಾಡುವ ಇಬ್ಬರು, ಯಾರೆಂದು ತಿಳಿಯದೆ, ಕಾಗದದಲ್ಲಿ ಒಬ್ಬರನ್ನೊಬ್ಬರು ಪ್ರೀತಿಸುತ್ತಿರುತ್ತಾರೆ. ಆ ಕಥೆಗೆ ಅಕ್ಕಪಕ್ಕದ ಬಾಗಿಲು, ಎಲ್ಲರಿಗೂ ಒಂದೇ ಅಂಗಳ, ಇಣುಕುವ ನೆರೆಹೊರೆ ಎಲ್ಲವೂ ಬೇಕು. ಪಕ್ಕದ ಬಾಗಿಲನ್ನು ಕತ್ತರಿಸಿದರೆ ವಠಾರವೇ ಹೋಯಿತು.

ಹಾಗಾದರೆ ಮಾಡುವುದೇನು? 1080×1920 ಪಿಕ್ಸೆಲ್‌ನ ನಿಂತ ಚೌಕಟ್ಟಿನೊಳಗೆ ಚಿತ್ರವನ್ನು ಪೂರ್ತಿ ಅಗಲಕ್ಕೆ ಕೂರಿಸಿ. ಅಗಲ 1080 ಆದಾಗ ಎತ್ತರ ಸುಮಾರು 788 ಬರುತ್ತದೆ. ಅದನ್ನು ನಡುವಿಗಿಂತ ತುಸು ಮೇಲಕ್ಕೆ ಇಡಿ. ಉಳಿದ ಜಾಗ ಕಪ್ಪಗಿರಲಿ. ಅದೇ ಚಿತ್ರವನ್ನು ಮಸುಕು ಮಾಡಿ ಹಿಂದೆ ಹಾಕುವ ರೂಢಿ ಇದೆ, ಅದು ಕಣ್ಣನ್ನು ಎಳೆಯುತ್ತಲೇ ಇರುತ್ತದೆ. ಚಿತ್ರದ ಹೆಸರು, ವರ್ಷವನ್ನು ಮೇಲಿನ ಕಪ್ಪು ಪಟ್ಟಿಯಲ್ಲಿ ಬರೆಯಿರಿ. ಪರದೆಯ ಕೆಳಗಿನ ಐದನೇ ಒಂದು ಭಾಗದಲ್ಲಿ ಖಾತೆಯ ಹೆಸರು, ವಿವರಣೆ ಬಂದು ಕೂರುತ್ತವೆ, ಬಲ ಅಂಚಿನಲ್ಲಿ ಲೈಕ್, ಶೇರ್ ಗುರುತುಗಳು. ಅಲ್ಲಿ ಏನು ಬರೆದರೂ ಮುಚ್ಚಿಹೋಗುತ್ತದೆ. ಮನೆಯ ಟಿ.ವಿ.ಯಲ್ಲಿ ಅಜ್ಜಿ ತಾತನಿಗೆ ತೋರಿಸುವ ಉದ್ದೇಶವಿದ್ದರೆ ಅಡ್ಡ ಚೌಕಟ್ಟಿನ ಇನ್ನೊಂದು ಪ್ರತಿಯನ್ನೂ ಮಾಡಿಟ್ಟುಕೊಳ್ಳಿ. ನಿಂತ ವಿಡಿಯೊ ಟಿ.ವಿ.ಯ ಅಗಲದಲ್ಲಿ ಮೂರನೇ ಒಂದು ಭಾಗವನ್ನೂ ತುಂಬುವುದಿಲ್ಲ.

ಇದರ ತದ್ವಿರುದ್ಧ ತಪ್ಪೂ ಇದೆ: ಚೌಕ ಚಿತ್ರವನ್ನು ಅಗಲ ಟಿ.ವಿ.ಗೆ ಎಳೆದು ಹಿಗ್ಗಿಸುವುದು. 4:3ರ ಚಿತ್ರವನ್ನು 16:9ಕ್ಕೆ ಎಳೆದರೆ ಪ್ರತಿ ಮುಖವೂ ಮೂರನೇ ಒಂದು ಪಾಲು ದಪ್ಪಗಾಗುತ್ತದೆ. ನರಸಿಂಹರಾಜು ಅವರ ಹಾಸ್ಯಕ್ಕೆ ಆ ಸಣಕಲು ಮೈಯೇ ಬಂಡವಾಳ. ಅವರನ್ನು ದುಂಡಗೆ ಮಾಡಿದರೆ, ಗಾಳಿ ಬೀಸಿದರೆ ಹಾರಿಹೋಗುವಂತೆ ನಿಂತ ಆ ನಿಲುವು ಎಲ್ಲಿ ಉಳಿಯಿತು? ‘ಕುಳ್ಳ’ ಎಂದೇ ಜನ ಪ್ರೀತಿಯಿಂದ ಕರೆದ ದ್ವಾರಕೀಶ್ ಅವರು ಇನ್ನಷ್ಟು ಕುಳ್ಳಗಾಗಿ, ಪಕ್ಕದ ಎತ್ತರದ ನಾಯಕನೂ ಕುಳ್ಳಗಾಗಿ, ಇಬ್ಬರ ನಡುವಿನ ಅಂತರದ ತಮಾಷೆ ಚಪ್ಪಟೆಯಾಗುತ್ತದೆ. ವಿಸಿಡಿಯಿಂದ ತೆಗೆದ ಪ್ರತಿಗಳಲ್ಲಿ ತಪ್ಪು ಉಲ್ಟಾ. ವಿಸಿಡಿಯ ಚಿತ್ರ 352×288 ಪಿಕ್ಸೆಲ್. ಅದನ್ನು ಇದ್ದ ಹಾಗೆಯೇ ಇಟ್ಟರೆ ಮುಖಗಳು ಕಿರಿದಾಗಿ ಉದ್ದಕ್ಕೆ ಕಾಣುತ್ತವೆ, 384×288 ಎಂದು ಅಗಲ ತಿದ್ದಿಕೊಳ್ಳಬೇಕು. ಸರಿಯಾಗಿದೆಯೋ ಇಲ್ಲವೋ ತಿಳಿಯಲು ದೃಶ್ಯದಲ್ಲಿ ನೇರವಾಗಿ ಕಾಣುವ ಗೋಡೆ ಗಡಿಯಾರವನ್ನೋ ಬೈಸಿಕಲ್ ಚಕ್ರವನ್ನೋ ಹುಡುಕಿ. ಅದು ಗುಂಡಗಿದ್ದರೆ ಸರಿ, ಮೊಟ್ಟೆಯಂತಿದ್ದರೆ ತಪ್ಪು. ಡಿವಿಡಿ ಪ್ರತಿಯಲ್ಲಿ ಯಾರಾದರೂ ಓಡುವಾಗ ಮೈಮೇಲೆ ಬಾಚಣಿಗೆಯ ಹಲ್ಲಿನಂಥ ಗೆರೆ ಕಂಡರೆ ಡಿಇಂಟರ್‌ಲೇಸ್ ಆಯ್ಕೆ ಹಾಕಿ. ಅದನ್ನು ಅಳತೆ ಹಿಗ್ಗಿಸುವ ಮೊದಲೇ ಮಾಡಬೇಕು, ಆಮೇಲೆ ಮಾಡಿದರೆ ಗೆರೆ ಹೋಗುವುದಿಲ್ಲ.

ಇನ್ನು ವೇಗ. ಇದು ಹೆಚ್ಚು ಜನರ ಗಮನಕ್ಕೆ ಬಾರದ ದೋಷ. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ನಮ್ಮ ದೇಶದ ಹಳೆಯ ಟಿ.ವಿ. ಪದ್ಧತಿ ಸೆಕೆಂಡಿಗೆ 25. ಸಿನಿಮಾವನ್ನು ಟಿ.ವಿ. ಟೇಪಿಗೋ ಡಿಸ್ಕಿಗೋ ಇಳಿಸುವಾಗ 24 ಫ್ರೇಮನ್ನು 25ರ ವೇಗದಲ್ಲಿ ಓಡಿಸಿದರೆ ಇಡೀ ಚಿತ್ರ ಶೇ 4ರಷ್ಟು ಬೇಗ ಓಡುತ್ತದೆ. 144 ನಿಮಿಷದ ಚಿತ್ರ 138 ನಿಮಿಷ ಚಿಲ್ಲರೆಗೆ ಮುಗಿಯುತ್ತದೆ. ಧ್ವನಿಯ ಶ್ರುತಿಯೂ ಏರುತ್ತದೆ, ಹಾರ್ಮೋನಿಯಂ ಲೆಕ್ಕದಲ್ಲಿ ಅರ್ಧ ಮನೆಗೆ ತುಸು ಕಡಿಮೆ. ಭಾರದ ದನಿ ಹಗುರಾಗುತ್ತದೆ, ತಡೆದು ಹೇಳಿದ ಮಾತು ಅವಸರದ ಮಾತಾಗುತ್ತದೆ.

ನಿಮ್ಮ ಕೈಯಲ್ಲಿರುವ ಪ್ರತಿ ಹೀಗಾಗಿದೆಯೇ ಎಂದು ತಿಳಿಯಲು ಒಂದು ದಾರಿ ಇದೆ. ಚಿತ್ರದ ಮೊದಲಿಗೆ ಬರುವ ಸೆನ್ಸಾರ್ ಪ್ರಮಾಣಪತ್ರದ ಮೇಲೆ ವಿಡಿಯೊ ನಿಲ್ಲಿಸಿ. ಅದರಲ್ಲಿ ಚಿತ್ರದ ಉದ್ದ ಸಾಮಾನ್ಯವಾಗಿ ಮೀಟರಿನಲ್ಲಿ, ತುಂಬ ಹಳೆಯದಾದರೆ ಅಡಿಯಲ್ಲಿ ಬರೆದಿರುತ್ತದೆ. 35 ಎಂ.ಎಂ. ಫಿಲ್ಮ್ ಒಂದು ನಿಮಿಷಕ್ಕೆ 90 ಅಡಿ, ಅಂದರೆ 27.43 ಮೀಟರ್ ಓಡುತ್ತದೆ. ಮೀಟರನ್ನು 27.43ರಿಂದ, ಅಡಿಯಾದರೆ 90ರಿಂದ ಭಾಗಿಸಿ. 3,950 ಮೀಟರ್ ಇದ್ದರೆ 144 ನಿಮಿಷ. ನಿಮ್ಮ ಪ್ರತಿಯ ಅವಧಿ ಅದರ ಶೇ 96ರ ಆಸುಪಾಸಿನಲ್ಲಿದ್ದರೆ ವೇಗ ಹೆಚ್ಚಾಗಿರುವ ಸಾಧ್ಯತೆ ಬಹಳ. ಅದಕ್ಕಿಂತಲೂ ತುಂಬ ಕಡಿಮೆ ಇದ್ದರೆ ಹಾಡನ್ನೋ ದೃಶ್ಯವನ್ನೋ ಯಾರೋ ಎತ್ತಿಹಾಕಿದ್ದಾರೆ ಎಂದು ತಿಳಿಯಿರಿ. ವೇಗ ತಿದ್ದಲು ಶಾಟ್‌ಕಟ್, ಕೆಡೆನ್‌ಲೈವ್‌ನಂಥ ಉಚಿತ ತಂತ್ರಾಂಶದಲ್ಲಿ ತುಣುಕಿನ ವೇಗವನ್ನು ಶೇ 96ಕ್ಕೆ ಇಳಿಸಿದರಾಯಿತು. ಶ್ರುತಿಯನ್ನು ಹಾಗೇ ಉಳಿಸುವ ಆಯ್ಕೆಯನ್ನು ಮಾತ್ರ ತೆಗೆದುಬಿಡಿ. ಧ್ವನಿಯೂ ಜೊತೆಗೆ ಇಳಿಯಬೇಕು.

ಧ್ವನಿಯ ಮಾತು ಬಂದಿದ್ದರಿಂದ ಹೇಳುತ್ತೇವೆ: ಹಳೆಯ ಚಿತ್ರಗಳ ಧ್ವನಿಪಟ್ಟಿಯಲ್ಲಿ ಚರಚರ ಸದ್ದು ಇದ್ದೇ ಇರುತ್ತದೆ. ಅದನ್ನು ಪೂರ್ತಿ ಒರೆಸಲು ಹೋಗಬೇಡಿ. ಆಡಾಸಿಟಿಯಂಥ ತಂತ್ರಾಂಶದಲ್ಲಿ ಯಾರೂ ಮಾತಾಡದ ಒಂದು ಸೆಕೆಂಡನ್ನು ಮಾದರಿಯಾಗಿ ಆರಿಸಿ, 6ರಿಂದ 8 ಡೆಸಿಬೆಲ್‌ನಷ್ಟು ಮಾತ್ರ ಗದ್ದಲ ತಗ್ಗಿಸಿ. 20 ಡೆಸಿಬೆಲ್ ಎಳೆದರೆ ಸ, ಶ, ಚ ಅಕ್ಷರಗಳೂ ಚರಚರದ ಜೊತೆಗೇ ಹೋಗುತ್ತವೆ, ನಟರು ನೀರೊಳಗಿಂದ ಮಾತಾಡಿದಂತೆ ಕೇಳುತ್ತದೆ. 80 ಹರ್ಟ್ಸ್‌ಗಿಂತ ಕೆಳಗಿನ ಗುಂಯ್ ಸದ್ದನ್ನು ಕತ್ತರಿಸಬಹುದು, ಮಾತಿಗೆ ಅದರಿಂದ ಧಕ್ಕೆಯಿಲ್ಲ. ಒಂದೇ ಕಿವಿಯಲ್ಲಿ ಕೇಳುವ ಪ್ರತಿಗಳೂ ಬಹಳ. ಅದನ್ನು ಮೊನೊ ಮಾಡಿ, ಎರಡೂ ಕಡೆ ಬರುತ್ತದೆ.

ಕೃತಕ ಬುದ್ಧಿಮತ್ತೆಯಿಂದ ‘4ಕೆ’ ಮಾಡುವ ಆಸೆ ಈಗ ಎಲ್ಲೆಲ್ಲೂ. ವಿಸಿಡಿಯ 288 ಗೆರೆಯ ಚಿತ್ರವನ್ನು ಅಷ್ಟು ಹಿಗ್ಗಿಸಿದಾಗ ಇಲ್ಲದ ವಿವರವನ್ನು ಆ ಯಂತ್ರ ಊಹಿಸಿ ತುಂಬುತ್ತದೆ. ಚರ್ಮ ಮೇಣದಂತಾಗುತ್ತದೆ, ಕಣ್ಣಿನ ಸುತ್ತಲ ಸುಕ್ಕು ಅಳಿಯುತ್ತದೆ. ನರಸಿಂಹರಾಜು ಅವರ ಉಬ್ಬುಹಲ್ಲು ಹೋಗಿ ಬಾಯಿಯೊಳಗೆ ಒಂದು ಬಿಳಿ ಪಟ್ಟಿ ಬರುತ್ತದೆ. ಆ ಹಲ್ಲು ಇಲ್ಲದ ನರಸಿಂಹರಾಜು ಯಾರು? ಎರಡರಷ್ಟಕ್ಕಿಂತ ಹೆಚ್ಚು ಹಿಗ್ಗಿಸದೆ, ಮುಖ ‘ಸುಂದರ’ಗೊಳಿಸುವ ಆಯ್ಕೆಯನ್ನು ತೆಗೆದಿಟ್ಟರೆ ಸಾಕು. ಸ್ವಲ್ಪ ಮಸುಕಾಗಿದ್ದರೆ ನಗು ನಿಲ್ಲುವುದಿಲ್ಲ.

ಅಡಿಬರಹ ಹಾಕುವವರಿಗೆ ಎರಡು ಮಾತು. ಕಿವಿ ಕೇಳದವರಿಗೆ, ಹೊರನಾಡಿನಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗೆ ಅದು ದೊಡ್ಡ ಉಪಕಾರ, ಖಂಡಿತ ಹಾಕಿ. ಆದರೆ ಮೇಲೆ ಹೇಳಿದ ದಲ್ಲಾಳಿಯ ಮಾತನ್ನು ಒಂದೇ ಸಾಲಿನಲ್ಲಿ ಹಾಕಿದರೆ ನಟ ಬಾಯಿ ತೆರೆಯುವ ಮೊದಲೇ ‘ಹುಡುಕ್ತಾ ಇದ್ದಾನೆ’ ಎಂದು ಕಣ್ಣು ಓದಿಬಿಡುತ್ತದೆ. ‘ದೊಡ್ಡ ಕೆಲಸ ಸ್ವಾಮಿ...’ ಒಂದು ಸಾಲು, ತಡೆಯ ಹೊತ್ತಿನಲ್ಲಿ ಅದೇ ನಿಂತಿರಲಿ, ಎರಡನೆಯ ಸಾಲು ಮಾತಿನ ಜೊತೆಗೇ ಬರಲಿ. ಆಡಿದ ಹಾಗೆಯೇ ಬರೆಯಿರಿ. ‘ಏನ್ಲಾ’ ಎಂದದ್ದನ್ನು ‘ಏನೋ’ ಮಾಡಬೇಡಿ, ‘ಹೆಂಡ್ತಿ’ಯನ್ನು ‘ಪತ್ನಿ’ ಮಾಡಬೇಡಿ. ಕೆಲವು ಆ್ಯಪ್‌ಗಳಲ್ಲಿ ಕನ್ನಡದ ಒತ್ತಕ್ಷರ ಒಡೆದು ‘ದ್ವಾರಕೀಶ್’ ಹೋಗಿ ‘ದ್‌ವಾರಕೀಶ್’ ಆಗುತ್ತದೆ. ಮೊದಲು ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮದಂಥ ಯೂನಿಕೋಡ್ ಅಕ್ಷರವಿನ್ಯಾಸ ಹಾಕಿ ನೋಡಿ. ಆಗಲೂ ಒಡೆದರೆ ಆ ಆ್ಯಪ್‌ಗೆ ಕನ್ನಡ ಜೋಡಿಸಲು ಬರುವುದಿಲ್ಲ ಎಂದರ್ಥ. ಸಾಲನ್ನು ಬೇರೆಡೆ ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ಉಳಿಸಿ, ಮೇಲೆ ಅಂಟಿಸಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಪಠ್ಯವನ್ನು ಹಾಗೇ ನಕಲು ಮಾಡಿದರೆ ಬರೀ ಗೋಜಲು ಬರುತ್ತದೆ, ಮೊದಲು ಪರಿವರ್ತಿಸಿಕೊಳ್ಳಿ.

ಹಕ್ಕಿನ ವಿಚಾರದಲ್ಲಿ ತಪ್ಪು ತಿಳಿವಳಿಕೆ ಬಹಳ. ‘30 ಸೆಕೆಂಡಿಗಿಂತ ಕಡಿಮೆ ಇದ್ದರೆ ಪರವಾಗಿಲ್ಲ’ ಎಂಬ ಮಾತಿಗೆ ಕಾನೂನಿನಲ್ಲಿ ಆಧಾರವಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಹಕ್ಕು, ಅದು ಬಿಡುಗಡೆಯಾದ ಮುಂದಿನ ವರ್ಷದ ಜನವರಿಯಿಂದ 60 ವರ್ಷ. 1954ರ ಚಿತ್ರದ ಹಕ್ಕು 2014ರ ಕೊನೆಗೆ ತೀರಿತು, 1964ರದ್ದು 2024ರ ಕೊನೆಗೆ. ತೊಂಬತ್ತರ ದಶಕದ ಚಿತ್ರಗಳ ಹಕ್ಕಿನ ಅವಧಿ ಇನ್ನೂ ಬಹಳ ವರ್ಷ ಇದೆ. ಹಾಡಿನ ಸಾಹಿತ್ಯ, ಸಂಗೀತದ ಲೆಕ್ಕ ಬೇರೆ, ಬರೆದವರು ತೀರಿಕೊಂಡ ಮೇಲೆ 60 ವರ್ಷ. ಆದ್ದರಿಂದ ಹಳೆಯ ಚಿತ್ರದ ತುಣುಕಾದರೂ ಹಾಡಿನ ಭಾಗ ಸೇರಿಸುವಾಗ ಎಚ್ಚರ. ಕಾಯ್ದೆಯ 52ನೇ ಸೆಕ್ಷನ್ ಖಾಸಗಿ ಬಳಕೆಗೆ, ವಿಮರ್ಶೆಗೆ ನ್ಯಾಯವಾದ ಮಟ್ಟಿಗೆ ಬಳಸಲು ಅವಕಾಶ ಕೊಡುತ್ತದೆ. ಬರೀ ದೃಶ್ಯವನ್ನು ಎತ್ತಿ ಹಾಕಿ ಹಣ ಗಳಿಸುವುದು ಅದರಲ್ಲಿ ಬರುವುದಿಲ್ಲ. ಹಕ್ಕುದಾರರೇ ಯೂಟ್ಯೂಬಿನಲ್ಲಿ ಇಡೀ ಚಿತ್ರ ಹಾಕಿದ್ದರೆ ಆ ಕೊಂಡಿಯನ್ನು, ದೃಶ್ಯ ಬರುವ ನಿಮಿಷದಿಂದಲೇ ಶುರುವಾಗುವಂತೆ ಹಂಚುವುದು ಎಲ್ಲಕ್ಕಿಂತ ಸುಲಭದ ದಾರಿ. ಕಂಪ್ಯೂಟರಿನಲ್ಲಿ ಯೂಟ್ಯೂಬಿನ ಶೇರ್ ಗುಂಡಿ ಒತ್ತಿದಾಗ ಬರುವ ‘ಸ್ಟಾರ್ಟ್ ಅಟ್’ ಚೌಕಕ್ಕೆ ಗುರುತು ಹಾಕಿದರೆ ಆಯಿತು.

ನೋಡುವವರಿಗೂ ಕೆಲವು ಮಾತು. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊವಾಗಿ ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ. ಅದನ್ನು ಉಳಿಸಿ, ಬೇರೆಡೆ ಹಾಕಿ, ಮತ್ತೆ ಕಳಿಸುತ್ತ ಹೋದಂತೆ ಒಂದೊಂದು ಸುತ್ತಿಗೂ ಗುಣಮಟ್ಟ ಇಳಿದು, ನಾಲ್ಕಾರು ಕೈ ದಾಟುವಷ್ಟರಲ್ಲಿ ಮುಖ ಗುರುತಿಸಲಾಗದ ಚೌಕಗಳಾಗುತ್ತವೆ. ಡಾಕ್ಯುಮೆಂಟ್ ಆಗಿ ಲಗತ್ತಿಸಿದರೆ ಇದ್ದ ಹಾಗೇ ಹೋಗುತ್ತದೆ. ಫೋನ್ ತುಂಬಿತೆಂದು ಗೊಣಗುವವರು ಸೆಟ್ಟಿಂಗ್ಸ್‌ನ ಸ್ಟೋರೇಜ್ ಆ್ಯಂಡ್ ಡೇಟಾದಲ್ಲಿ ವಿಡಿಯೊ ತಾನಾಗಿ ಇಳಿಯುವುದನ್ನು ನಿಲ್ಲಿಸಿಕೊಳ್ಳಿ. ರೀಲ್ಸ್‌ನಲ್ಲಿ ಯಾವುದನ್ನು ಪೂರ್ತಿ ನೋಡುತ್ತೀರೋ, ಎರಡನೆಯ ಸಲ ನೋಡುತ್ತೀರೋ, ಅಂಥದ್ದೇ ಮತ್ತೆ ಮತ್ತೆ ಬರುತ್ತದೆ. ದಾರಿಹೋಕರನ್ನು ಹೆದರಿಸಿ ನಗುವ ಪ್ರಾಂಕ್ ವಿಡಿಯೊವನ್ನು ಬೈಯುತ್ತಲೇ ಪೂರ್ತಿ ನೋಡಿದರೂ ಆ್ಯಪ್‌ನ ಲೆಕ್ಕದಲ್ಲಿ ಅದು ನಿಮಗೆ ಇಷ್ಟವಾದದ್ದು. ಒತ್ತಿ ಹಿಡಿದು ‘ಆಸಕ್ತಿ ಇಲ್ಲ’ ಎಂದು ಹೇಳಿ, ಮುಂದೆ ಸರಿಯಿರಿ. ಒಂದು ವಾರ ಹೀಗೆ ಮಾಡಿದರೆ ಬರುವ ಸಾಲು ಕಣ್ಣಿಗೆ ಕಾಣುವಷ್ಟು ಬದಲಾಗುತ್ತದೆ. ಬಸ್ಸಿನಲ್ಲಿ ನೋಡುವವರು ಇಯರ್‌ಫೋನ್ ಹಾಕಿಕೊಳ್ಳಲೇಬೇಕು. ಪಕ್ಕದ ಸೀಟಿನವರಿಗೆ ಕೇಳುವುದು ಮಾತಷ್ಟೇ, ಮುಖ ಕಾಣುವುದಿಲ್ಲ. ಅವರಿಗೆ ಅದು ತಲೆನೋವೇ ಹೊರತು ಹಾಸ್ಯವಲ್ಲ.

ಹಳೆಯದೆಲ್ಲ ಚಿನ್ನ ಎಂದು ನಾವು ಹೇಳುವುದಿಲ್ಲ. ಮೈಬಣ್ಣ, ತೊದಲು ಮಾತು, ದಪ್ಪ ಮೈ, ಹೆಂಡತಿಗೆ ಬೀಳುವ ಏಟು ಇವನ್ನೇ ನಗೆಗೆ ನೆಚ್ಚಿಕೊಂಡ ದೃಶ್ಯಗಳೂ ಆ ಚಿತ್ರಗಳಲ್ಲಿ ಇವೆ. ಇಡೀ ಚಿತ್ರದಲ್ಲಿ ಅವು ಇದ್ದ ಹಾಗೆ ಇರಲಿ. ಅವನ್ನೇ ಆರಿಸಿ ತುಣುಕು ಮಾಡಿ ಹಂಚುವುದು ಬೇಡ. ಹಾಗೆಯೇ ಹಳೆಯ ನಟರ ಬಾಯಲ್ಲಿ ಇವತ್ತಿನ ರಾಜಕೀಯದ ಮಾತನ್ನು ತುರುಕಿ, ಅವರೇ ಹೇಳಿದಂತೆ ಬಿಡುವುದೂ ಬೇಡ. ಹೊಸದಾಗಿ ಮಾತು ಜೋಡಿಸಿದ್ದರೆ ಚಿತ್ರದ ಮೇಲೆಯೇ ಹಾಗೆಂದು ಬರೆಯಬೇಕು. ವಿವರಣೆಯಲ್ಲಿ ಬರೆದದ್ದು ಮೊದಲ ಫಾರ್ವರ್ಡಿಗೇ ಕಳಚಿಹೋಗುತ್ತದೆ.

ಚಿತ್ರದ ಹೆಸರನ್ನೂ ಇದೇ ಕಾರಣಕ್ಕೆ ವಿಡಿಯೊದೊಳಗೇ ಬರೆಯಬೇಕು. ಹೆಸರು, ವರ್ಷ, ನಿರ್ದೇಶಕರು, ದೃಶ್ಯದಲ್ಲಿರುವ ಎಲ್ಲ ನಟರು. ನಾಯಕನ ಹೆಸರೊಂದೇ ಹಾಕಿ, ನಗಿಸಿದ ಮೂರನೆಯವರನ್ನು ಬಿಡುವುದು ನಿತ್ಯ ಕಾಣುವ ಅನ್ಯಾಯ. ದೃಶ್ಯ ಎಷ್ಟನೆಯ ನಿಮಿಷದಲ್ಲಿ ಬರುತ್ತದೆ ಎಂಬುದೂ ಇದ್ದರೆ ಇಡೀ ಚಿತ್ರ ನೋಡುವವರಿಗೆ ಕೈಹಿಡಿದು ನಡೆಸಿದಂತೆ. ಈ ವಿಷಯದಲ್ಲಿ ತಮ್ಮ ಪತ್ರಿಕೆಯಿಂದಲೂ ಒಂದು ಉಪಕಾರ ಆಗಬಹುದು. ಸಿನಿಮಾ ಪುರವಣಿಯಲ್ಲಿ ವಾರಕ್ಕೊಂದು ಹಳೆಯ ಹಾಸ್ಯಚಿತ್ರದ ಹೆಸರು, ವರ್ಷ, ಹಕ್ಕುದಾರರೇ ಅದನ್ನು ಎಲ್ಲಿ ನೋಡಲು ಇಟ್ಟಿದ್ದಾರೆ, ನಗಿಸುವ ದೃಶ್ಯ ಎಷ್ಟನೆಯ ನಿಮಿಷದಲ್ಲಿದೆ, ಇಷ್ಟನ್ನು ನಾಲ್ಕು ಸಾಲಿನ ಚೌಕದಲ್ಲಿ ಅಚ್ಚು ಹಾಕಿಸಿ. ಕ್ಯೂಆರ್ ಕೋಡ್ ಒಂದನ್ನು ಪಕ್ಕದಲ್ಲಿ ಹಾಕಿದರೆ ಪತ್ರಿಕೆ ಓದುತ್ತಿರುವ ತಾತನ ಮುಂದೆ ಮೊಮ್ಮಗಳು ಫೋನ್ ಹಿಡಿದು ನೇರ ಆ ದೃಶ್ಯಕ್ಕೇ ಹೋಗಬಹುದು. ಕೋಡ್ ಕನಿಷ್ಠ ಎರಡು ಸೆಂಟಿಮೀಟರ್ ಚೌಕ ಇರಲಿ. ಅದಕ್ಕಿಂತ ಚಿಕ್ಕದಾದರೆ ನ್ಯೂಸ್‌ಪ್ರಿಂಟಿನಲ್ಲಿ ಶಾಯಿ ಹರಡಿ ಫೋನಿಗೆ ಓದಲು ಕಷ್ಟವಾಗುತ್ತದೆ.

ಇಂತಿ,
ಹಳೆಯ ಚಿತ್ರಗಳ ಸಂಕಲನ, ಧ್ವನಿ ಕೆಲಸದಲ್ಲಿರುವ ಕೆಲವು ಓದುಗರು,
ಬೆಂಗಳೂರು